ಕಟ್ಟೆಯ ಮೇಲೆ ಓದಿದ ಊಟ

ನನ್ನ ಗಂಡ ದಂಡಿನಲ್ಲಿ ಬಾಣಂತಿ ಖಾರ ತಿಂದನೆಂದು ಉಗ್ರಾಣದ ಕಟ್ಟೆಯ ಮೇಲೆ ಓದಿದ ದಿನ ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುರಿದ ಬೆಳ್ಳುಳ್ಳಿ ಕಲಸಿದ ಬಿಸಿ ಅನ್ನ, ಅದರ ಮೇಲೆ ತುಪ್ಪ, ಮೆಣಸಿನ ಸಾರು, ಒಣಶುಂಠಿ ಬೆಲ್ಲ ಕುಟ್ಟಿ ಕಟ್ಟಿದ ಖಾರದ ಉಂಡೆ. ಇಷ್ಟನ್ನೂ ಇವತ್ತು ಪಾಳೆಯದಲ್ಲಿ ಉಂಡೆವು, ಬಲು ರುಚಿಯಾಗಿತ್ತು ಎಂದು ಅವನು ಬರೆದಿದ್ದ. ಉಗ್ರಾಣ ನೋಡಿಕೊಳ್ಳುವ ಪಾರುಪತ್ಯಗಾರ ಒಂದು ಅಕ್ಷರ ಬಿಡದೆ ಓದಿ ಮುಗಿಸಿ, ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ನೋಡಿದ. ನನ್ನ ಮಡಿಲಲ್ಲಿ ಇನ್ನೂ ಹೆಸರಿಡದ ಮಗು ಇತ್ತು.

"ಏನಮ್ಮ ಸಾಕಿ, ನಿನ್ನ ಗಂಡ ಅಲ್ಲಿ ಈಟಿ ಹಿಡಿದಿದ್ದಾನೋ, ತೊಟ್ಟಿಲು ತೂಗ್ತಿದ್ದಾನೋ?"

ನಾನು ತಲೆ ತಗ್ಗಿಸಿದೆ. ಉತ್ತರ ಕೊಟ್ಟವಳು ಪಕ್ಕದ ಮನೆಯ ದೊಡ್ಡತಾಯಮ್ಮ. "ಹೆತ್ತಿರಬೇಕು ಬುದ್ಧಿ. ಅಷ್ಟು ದೂರ ನಡೆಸಿದ್ರೆ ಗಂಡಸಾದ್ರೂ ಹೆರ್ತಾನೆ."

ಪಾರುಪತ್ಯಗಾರನೂ ನಕ್ಕ. ನಕ್ಕು, ಬೆಳ್ಳುಳ್ಳಿ, ತುಪ್ಪ, ಮೆಣಸು, ಬೆಲ್ಲ ಎಲ್ಲವನ್ನೂ ನನ್ನ ಮೊರಕ್ಕೆ ಹಾಕಿಸಿದ. ಮೇಲೆ ಪತ್ರವನ್ನಿಟ್ಟ. ನಾನು ಮನೆಗೆ ಬಂದು ಬೇಯಿಸಿ ಉಂಡೆ. ಮೊಲೆಗೆ ಹಾಲು ಬಂತು.

ನಮ್ಮ ಊರಿನಲ್ಲಿ ಹಾಗೆ. ದಂಡಿಗೆ ಹೋದವನು ಏನು ಉಂಡನೋ ಅದನ್ನೇ ಅವನ ಮನೆ ಉಣ್ಣುತ್ತದೆ. ಪತ್ರ ಬಂದ ದಿನ ಉಗ್ರಾಣದ ಕಟ್ಟೆಯ ಮೇಲೆ ಅದನ್ನು ಗಟ್ಟಿಯಾಗಿ ಓದುತ್ತಾರೆ, ಓದಿದ್ದನ್ನು ಅಳೆದು ಕೊಡುತ್ತಾರೆ. ಮುಂದಿನ ಪತ್ರ ಬರುವ ತನಕ ದಿನವೂ ಅದೇ. ಬೇರೆ ಏನನ್ನಾದರೂ ಒಲೆಯ ಮೇಲಿಟ್ಟರೆ ಬೇಯುವುದಿಲ್ಲ. ಸೌದೆ ಉರಿದು ಬೂದಿಯಾದರೂ ನೀರು ಬೆಚ್ಚಗಾಗುವುದಿಲ್ಲ, ಕಾಳು ಕಾಳಾಗಿಯೇ ಕೂತಿರುತ್ತದೆ. ನೆರೆಯವರು ಕೊಟ್ಟದ್ದನ್ನು ಬಾಯಿಗೆ ತರುವಷ್ಟರಲ್ಲಿ ಹಳಸಿರುತ್ತದೆ. ಮೊಲೆ ಬಿಡದ ಕೂಸುಗಳಿಗೆ ಮಾತ್ರ ಈ ಕಟ್ಟು ಇಲ್ಲ. ಉಗ್ರಾಣದಲ್ಲಿದ್ದ ರಾಗಿ ಯಾರದು ಎಂದು ಕೇಳಿದರೆ, ನಮ್ಮದೇ. ಸುಗ್ಗಿಯಲ್ಲಿ ನಾವೇ ತಲೆಯ ಮೇಲೆ ಹೊತ್ತು ತಂದು ಸುರಿದದ್ದು. ನಮ್ಮ ರಾಗಿಯನ್ನು ನಮ್ಮ ಗಂಡ ಮಕ್ಕಳ ಕೈಯಲ್ಲಿ ಬರೆಸಿ, ನಮಗೇ ದಾನ ಮಾಡಿದಂತೆ ಅಳೆಯುತ್ತಿದ್ದರು. ನಾವು ಮೊರ ಒಡ್ಡಿ, ಸೆರಗು ಹೊದ್ದು, ನಿಂತು ಈಸಿಕೊಳ್ಳುತ್ತಿದ್ದೆವು.

ಮೊದಮೊದಲು ಗಂಡಸರು ನಿಜವನ್ನೇ ಬರೆದರು. ಬರೆಯಬಾರದೆಂದು ಅವರಿಗೆ ಹೇಗೆ ಹೊಳೆಯಬೇಕು? ನನ್ನ ಗಂಡನ ಮೊದಲ ಪತ್ರದಲ್ಲಿ ಹೊಳೆ ದಾಟಿದ ಸುದ್ದಿ ಇತ್ತು. ಹಗ್ಗ ಕಟ್ಟಿ ಒಬ್ಬರ ಹಿಂದೆ ಒಬ್ಬರು ಇಳಿದರಂತೆ. ಕತ್ತೆಯೊಂದು ಕಾಲು ಜಾರಿ ಹಿಟ್ಟಿನ ಮೂಟೆಗಳ ಸಮೇತ ತೇಲಿಹೋಯಿತಂತೆ. ದಡ ಸೇರಿದ ಮೇಲೆ ಯಾರದೋ ಜೋಳಿಗೆಯಲ್ಲಿದ್ದ ಹಿಂದಿನ ದಿನದ ರೊಟ್ಟಿಯನ್ನು ಚೂರು ಚೂರು ಹಂಚಿಕೊಂಡರಂತೆ. ಅದು ಅವರಿಗೆ ಒಂದು ದಿನದ ಊಟ. ನಮಗೆ ಮುಂದಿನ ಪತ್ರ ಬರುವ ತನಕದ ಊಟ. ನನ್ನ ಅತ್ತೆ ಹೊನ್ನವ್ವ ತನ್ನ ಚೂರನ್ನೂ ನನಗೇ ಕೊಟ್ಟು, ನೀರು ಸೇದಲು ಹೋದವಳು ಬಾವಿಯ ಹತ್ತಿರ ಬಿದ್ದಳು. ಆಗ ನಾನು ಮೂರು ತಿಂಗಳ ಬಸುರಿ. ಅವಳನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಮಲಗಿಸಿದವನು ಗಾಡಿ ಹುಸೇನಣ್ಣ. ಪಾಳೆಯಕ್ಕೆ ಉಪ್ಪು, ಚರ್ಮ, ಹಗ್ಗ ಹೊಡೆಯುತ್ತಿದ್ದವನು ಅವನು, ಬರುವಾಗ ಪತ್ರಗಳನ್ನು ತರುತ್ತಿದ್ದವನೂ ಅವನೇ. ಅವತ್ತು ಏನೂ ಮಾತಾಡದೆ ಹೋದ. ಅಲ್ಲಿಗೆ ಹೋದ ಮೇಲೆ ಮಾತಾಡಿರಬೇಕು. ಅವನ ಗಾಡಿ ತಿರುಗಿ ಬಂದಾಗ ಪತ್ರಗಳೆಲ್ಲ ದಪ್ಪಗಾಗಿದ್ದವು.

ಒಬ್ಬ ಹಿತಕಿದ ಬೇಳೆ ಸಾರು ಉಂಡಿದ್ದ. ಒಬ್ಬ ಕಜ್ಜಾಯ ತಿಂದಿದ್ದ. ಹಲ್ಲಿಲ್ಲದ ಅಜ್ಜಿಯಿದ್ದ ಮನೆಯ ಹುಡುಗ ಮೆತ್ತಗೆ ಬೇಯಿಸಿದ ಹುಗ್ಗಿ ಉಂಡೆನೆಂದು ಬರೆದ. ನನಗೆ ಹುಳಿಯ ಬಯಕೆಯೆಂದು ಹುಸೇನಣ್ಣನ ಕೈಯಲ್ಲಿ ಹೇಳಿ ಕಳಿಸಿದರೆ, ಮುಂದಿನ ಪತ್ರದಲ್ಲಿ ನನ್ನ ಗಂಡ ಉಪ್ಪು ಖಾರ ಸವರಿದ ಮಾವಿನಕಾಯಿ ತಿಂದ. ದೊಡ್ಡತಾಯಮ್ಮನ ಮಗ ಚಿಕ್ಕೋನು ಮಾತ್ರ ಪ್ರತಿ ಸಲವೂ ಮುದ್ದೆ, ಸೊಪ್ಪಿನ ಸಾರು ಎಂದೇ ಬರೆಯುತ್ತಿದ್ದ.

"ನನ್ನ ಹೊಟ್ಟೇಲಿ ಎಂಥದು ಹುಟ್ತು ಕಣೇ," ಎಂದು ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. "ಒಂದು ಕೋಳಿ ತಿಂದೆ ಅಂತ ಬರೆಯೋಕೆ ಅವರಪ್ಪನ ಗಂಟು ಹೋಗ್ತಿತ್ತ?"

ಅದನ್ನೂ ಹುಸೇನಣ್ಣ ತಲುಪಿಸಿದ. ಮುಂದಿನ ಪತ್ರದಲ್ಲಿ ಇದ್ದದ್ದು ಒಂದೇ ಸಾಲು, "ಇವತ್ತು ಕೋಳಿ." ಮುದ್ದೆಯಿಲ್ಲ, ಅನ್ನವಿಲ್ಲ, ಉಪ್ಪಿನ ಹೆಸರೂ ಇಲ್ಲ. ದೊಡ್ಡತಾಯಮ್ಮ ದಿನಾ ಬೆಳಗಾದರೆ ಸಪ್ಪೆ ಕೋಳಿ ಬೇಯಿಸಿ ತಿಂದಳು, ಮಧ್ಯಾಹ್ನ ತಿಂದಳು, ಸಂಜೆ ತಿಂದಳು. ಕೊನೆಗೆ ಕೋಳಿ ಕೂಗಿದರೆ ಕಿವಿ ಮುಚ್ಚಿಕೊಳ್ಳುವಂತಾಯಿತು. "ಒಂದು ಹಿಡಿ ರಾಗಿ ಅಂತ ಸೇರ್ಸೋಕೆ ಏನಾಗಿತ್ತು ಆ ಮುಂಡೇದಕ್ಕೆ" ಎಂದು ಅವಳು ಬೈಯುತ್ತಿದ್ದರೆ ನಾವು ನಗುತ್ತಿದ್ದೆವು. ನಕ್ಕದ್ದು ನೆನೆದರೆ ಈಗ ನಾಲಿಗೆ ಕಹಿಯಾಗುತ್ತದೆ.

ಊಟದ ಸಾಲೊಂದನ್ನು ಬಿಟ್ಟರೆ ಪತ್ರದಲ್ಲಿ ಉಳಿದದ್ದೆಲ್ಲ ನಿಜವೇ. ಕೆರದ ಉಂಗುಷ್ಠ ಕಿತ್ತುಹೋಗಿ ನಾರು ಸುತ್ತಿಕೊಂಡು ನಡೆದದ್ದು, ಮಳೆಯಲ್ಲಿ ನೆನೆದ ಅಂಗಿ ಮೈಮೇಲೆಯೇ ಒಣಗಿದ್ದು, ಗುಡಾರದ ಗೂಟ ಹೊಡೆಯಲು ಹೋದರೆ ನೆಲವೆಲ್ಲ ಬಂಡೆಯಾಗಿದ್ದು, ಬಿಡುವಿದ್ದ ಸಂಜೆ ಮಂಗಗಳಂತೆ ಸಾಲಾಗಿ ಕೂತು ಒಬ್ಬರ ತಲೆಯ ಹೇನನ್ನು ಇನ್ನೊಬ್ಬರು ಆರಿಸಿದ್ದು. ಪಾರುಪತ್ಯಗಾರ ಇವನ್ನೆಲ್ಲ ಗೊಣಗುವ ದನಿಯಲ್ಲಿ ಬೇಗ ಬೇಗ ದಾಟಿ, ಊಟದ ಸಾಲು ಬಂದಾಗ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ನನಗೆ ಓದಲು ಬರುತ್ತಿತ್ತು. ನಾನೂ ನನ್ನ ಗಂಡನೂ ಮದುವೆಗೆ ಮೊದಲು ಒಂದೇ ಜಗಲಿಯಲ್ಲಿ ಕೂತು ಮರಳಿನ ಮೇಲೆ ಅಕ್ಷರ ತಿದ್ದಿದವರು. ಮನೆಗೆ ಬಂದು ಮೊದಲಿನಿಂದ ಮತ್ತೆ ಓದುತ್ತಿದ್ದೆ. ಹೋಳಿಗೆ ತಿಂದೆವೆಂದು ಬರೆದ ಸಾಲಿನ ಕೆಳಗೇ, ನಡುಪಟ್ಟಿ ಜಾರುತ್ತಿತ್ತು, ಇನ್ನೊಂದು ತೂತು ಹೊಡೆದುಕೊಂಡೆ ಎಂದು ಬರೆದಿದ್ದ. ಆ ಹೋಳಿಗೆಯನ್ನು ನಾನು ಉಂಡೆ. ಹೊಟ್ಟೆಯಲ್ಲಿ ಮಗುವಿತ್ತು. ಹಸಿವಾಗುತ್ತಿತ್ತು. ಉಂಡೆ.

ನಾವೆಲ್ಲ ಬಲ್ಲೆವು. ಯಾರೂ ಆಡುತ್ತಿರಲಿಲ್ಲ. ಆಡಿದರೆ ಯಾರ ಒಲೆ ಉರಿದೀತು? ಪಾರುಪತ್ಯಗಾರನಿಗೆ ಗೊತ್ತಿರಲಿಲ್ಲವೆ? ಪಾಳೆಯಕ್ಕೆ ಧಾನ್ಯದ ಗಾಡಿಗಳನ್ನು ಹೊರಡಿಸಬೇಕಾದವನೇ ಅವನು. ಹೊರಡದೆ ನಿಂತ ಗಾಡಿಗಳು ಅವನ ಕಣ್ಣೆದುರಿಗೇ ಇದ್ದವು. ಅವನಿಗೆ ಆ ಸುಳ್ಳು ಬೇಕಾಗಿತ್ತು. ಕಟ್ಟೆಯ ಇನ್ನೊಂದು ತುದಿಯಲ್ಲಿ ದಂಡಿನ ಎಲೆ ಹಾಸುತ್ತಿದ್ದರು. ಬಾಳೆಲೆಯ ಮೇಲೆ ಬಿಸಿ ಅನ್ನ ಬಡಿಸಿ ಇಡುವುದು, ಅಷ್ಟೆ. ಯಾರನ್ನೂ ಕರೆಯುವುದಿಲ್ಲ, ಹೆಸರು ಕೇಳುವುದಿಲ್ಲ. ಕೂತು ಒಂದು ತುತ್ತು ಉಂಡವನು ದಂಡಿನವನಾದ. ನಿಜದ ಪತ್ರಗಳು ಬರುತ್ತಿದ್ದ ಕಾಲದಲ್ಲಿ ಆ ಎಲೆ ಕಾಗೆಗಳ ಪಾಲಾಗುತ್ತಿತ್ತು. ಪತ್ರಗಳು ದಪ್ಪಗಾದ ಮೇಲೆ ಹುಡುಗರು ಎಲೆಗಾಗಿ ಒಬ್ಬರನ್ನೊಬ್ಬರು ತಳ್ಳಾಡತೊಡಗಿದರು. ಒಂದು ಮನೆಗೆ ಅಳೆಯುವ ತುಪ್ಪ ಎಷ್ಟು ಮಹಾ? ಅದರ ವಾಸನೆ ಬೀದಿಯ ಹುಡುಗರನ್ನೆಲ್ಲ ಎಳೆದು ತರುತ್ತಿತ್ತು. ಗಂಡಸರು ಸುಳ್ಳು ಬರೆದದ್ದು ತಾಯಂದಿರ ಕಿವಿಗೆಂದು. ತಮ್ಮಂದಿರಿಗೂ ಕಿವಿಯಿದೆಯೆಂದು ಅಲ್ಲಿ ಅವರಿಗೂ ಹೊಳೆಯಲಿಲ್ಲ, ಇಲ್ಲಿ ನಮಗೂ ಹೊಳೆಯಲಿಲ್ಲ.

ನನ್ನ ಮೈದುನ ಮುದ್ದಯ್ಯನಿಗೆ ಆಗ ಮೀಸೆ ಚಿಗುರಿತ್ತು. ಕೆರೆಯ ಹೂಳು ಹೊರುತ್ತಿದ್ದ. ಅವನೂ ನಮ್ಮ ಮನೆಯವನೇ ಆದ್ದರಿಂದ ಅಣ್ಣನ ಪತ್ರದ ಊಟವನ್ನೇ ಉಣ್ಣುತ್ತಿದ್ದ, ಉಂಡು ಕೆರೆಯಂಗಳಕ್ಕೆ ಹೋಗಿ ಜೊತೆಯವರಿಗೆ ವರ್ಣಿಸುತ್ತಿದ್ದ. ಒಂದು ಮಧ್ಯಾಹ್ನ ಬುಟ್ಟಿಯನ್ನು ಮೂಲೆಗೆಸೆದು ನನ್ನ ಮುಂದೆ ಕೂತ.

"ಅತ್ಗಮ್ಮ, ಇನ್ನು ಈ ಹೂಳಿಗೊಂದು ನಮಸ್ಕಾರ. ಮುಂದಿನ ಪತ್ರ ಓದೋ ದಿನ ಎಲೆ ಮುಂದೆ ಕೂರ್ತೀನಿ."

"ಯಾಕೆ, ಮನೇಲಿ ಉಣ್ಣೋದು ಸಾಲ್ದ?"

"ಅಣ್ಣ ಕಳಿಸಿದ್ದು ಎಷ್ಟು ದಿನ ಉಣ್ಲಿ? ಅವನು ಒಬ್ಬನೇ ಹೋಳಿಗೆ ಹೊಡೀಬೇಕ?"

"ನಿಮ್ಮಣ್ಣ ಬಾಣಂತಿ ಖಾರ ತಿಂದ ಅಂತ ನೀನೂ ನಂಬಿದ್ಯೇನೋ?"

"ಅದೊಂದು ನಿಂಗೋಸ್ಕರ ಬರೆದದ್ದು. ಅಷ್ಟೂ ತಿಳಿಯದ ಗೂಬೆ ಅಲ್ಲ ನಾನು."

"ಎಲ್ಲಾನೂ ಹಂಗೇ ಬರೆದದ್ದು ಮುದ್ದ. ಅವನು ನಡುಪಟ್ಟಿಗೆ ತೂತು ಹೊಡೀತಾ ಇದ್ದಾನೆ."

ಅವನು ಗೋಡೆಗೆ ಒರಗಿ ನಕ್ಕ. "ನಾನು ಹೋದ್ರೆ ನಿಂಗೆ ನೀರು ಸೌದೆ ಹೊರೋರು ಇಲ್ಲ ಅಂತ ಹೇಳು, ಒಪ್ತೀನಿ. ಸುಳ್ಳು ಯಾಕೆ ಹೇಳ್ತೀಯ?"

ಒಳಗಿನಿಂದ ಅತ್ತೆ ಎದ್ದು ಬಂದಳು. ಅವನನ್ನು ಗದರುತ್ತಾಳೆಂದುಕೊಂಡರೆ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. "ಮೆತ್ತಗೆ ಮಾತಾಡೇ. ಕಟ್ಟೆಯೋರ ಕಿವಿಗೆ ಬಿದ್ರೆ ನಾಳೆ ನೀನೇನು ಉಣ್ತೀಯ, ಆ ಕೂಸೇನು ಕುಡೀತದೆ?"

"ಮುದ್ದ ಹೋದ್ರೆ?"

ಅತ್ತೆ ನೆರಳಲ್ಲಿ ಮಲಗಿದ್ದ ಮಗುವನ್ನು ನೋಡಿದಳು, ಬಾಗಿಲಿನ ಕಡೆ ನೋಡಿದಳು. ಎರಡರ ನಡುವೆ ಅವಳ ಕಣ್ಣು ಓಡಾಡಿದ್ದನ್ನು ನಾನು ಕಂಡೆ.

ನಾನು ಹುಸೇನಣ್ಣನಿದ್ದಲ್ಲಿಗೆ ಹೋದೆ. ಅವನು ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ. "ಅವ್ರಿಗೊಂದು ಮಾತು ಹೇಳು ಹುಸೇನಣ್ಣ. ಮುದ್ದ ಎಲೆ ಮುಂದೆ ಕೂರ್ತೀನಿ ಅಂತಾನೆ. ನಾನು ಹೇಳಿದ್ರೆ ನಂಬಲ್ಲ. ಒಂದು ಸಲ ಉಂಡದ್ದನ್ನೇ ಬರೀಲಿ."

ಅವನು ಎಣ್ಣೆಯ ಬುರುಡೆಯನ್ನು ಕೆಳಗಿಟ್ಟ. "ನಿಂದು ಹಾಲುಣಿಸೋ ಮೈ ತಂಗಿ. ಅಲ್ಲಿ ಏನು ಉಣ್ತಾರೆ ಅಂತ ನಾನು ಕಣ್ಣಾರೆ ನೋಡಿದೀನಿ. ಆ ಊಟ ನಿನ್ನ ಮನೆಗೆ ಬರೋದು ಬೇಡ."

"ಮುದ್ದ ಅಲ್ಲಿಗೆ ಹೋಗೋದು ಬೇಡ."

ಅವನು ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದ. ಆಮೇಲೆ, ಹೇಳ್ತೀನಿ, ಎಂದ.

ಆ ಪತ್ರ ಬಂದ ದಿನ ಕಟ್ಟೆಯ ಮುಂದೆ ಕಿಕ್ಕಿರಿದ ಜನ. ಮುದ್ದ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಪಂಚೆ ಉಟ್ಟು, ದಂಡಿನ ಎಲೆಯ ಮುಂದೆ ಕೂತಾಗಿತ್ತು. ಅನ್ನದಿಂದ ಹಬೆ ಏಳುತ್ತಿತ್ತು. ಉಣ್ಣೋ, ಆರ್ತದೆ, ಎಂದು ಬಡಿಸುವವನು ಅವಸರಿಸಿದರೆ, "ನಮ್ಮಣ್ಣನ ಪತ್ರ ಓದ್ಲಿ, ಕೇಳ್ಕೊಂಡು ಉಣ್ತೀನಿ, ಶುಭ" ಎಂದ. ಅತ್ತೆ ಜನರ ಹಿಂದೆ, ಬೇಲಿಯ ಹತ್ತಿರ ನಿಂತಿದ್ದಳು. ನಾನು ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಮೊರ ಹಿಡಿದು ಮುಂದೆ ಹೋದೆ.

ಪಾರುಪತ್ಯಗಾರ ಪತ್ರ ಬಿಡಿಸಿದ. ಮೊದಲು ಕಣ್ಣಿನಲ್ಲೇ ಓದಿಕೊಂಡ. ಯಾವತ್ತೂ ಹಾಗೆ ಮಾಡಿದವನಲ್ಲ. ಅವನ ಹುಬ್ಬು ಒಂದಿಷ್ಟು ಮೇಲೆದ್ದು ಇಳಿಯಿತು. ಆಮೇಲೆ ಪತ್ರವನ್ನು ಮುಖಕ್ಕೆ ಅಡ್ಡ ಹಿಡಿದು ಗಂಟಲು ಸರಿಮಾಡಿಕೊಂಡ.

"ಕ್ಷೇಮ. ಇಂದಿನ ದಿವಸ ಪಾಳೆಯದಲ್ಲಿ ಸಣ್ಣಕ್ಕಿಯ ಅನ್ನ, ಘೃತ, ಎರಡು ಬಗೆಯ ಪಲ್ಯ, ಭಕ್ಷ್ಯ, ಮೊಸರು. ಎಲ್ಲರೂ ತೃಪ್ತಿಯಿಂದ ಭೋಜನ ಮಾಡಿದೆವು."

ನನ್ನ ಗಂಡ ಹುಟ್ಟಿದಾಗಿನಿಂದ ಘೃತ ಎಂದವನಲ್ಲ. ನಮ್ಮ ಕೇರಿಯಲ್ಲಿ ಯಾರೂ ಭೋಜನ ಮಾಡಿದವರಲ್ಲ, ಉಂಡವರು. ಅಳೆಯುವವನು ಸಣ್ಣಕ್ಕಿ ಸುರಿದ, ತುಪ್ಪದ ಕುಡಿಕೆ ಇಟ್ಟ, ಮೊಸರಿನ ಗಡಿಗೆ ಇಟ್ಟ. ಮೊರ ಭಾರವಾಯಿತು. ಪಾರುಪತ್ಯಗಾರ ಪತ್ರವನ್ನು ಮಡಿಸಿ ತನ್ನ ತೊಡೆಯ ಕೆಳಗೆ ಇಟ್ಟುಕೊಂಡ.

"ಪತ್ರ ಕೊಡಿ ಬುದ್ಧಿ," ಎಂದೆ.

"ನಾಳೆ ಕೊಡ್ತೀನಿ, ನಡಿ. ಜನ ಕಾಯ್ತಿದಾರೆ."

ನಾನು ಮೆಟ್ಟಿಲ ಮೇಲೆಯೇ ಕೂತೆ. ಮೊರವನ್ನು ಮುಂದಿಟ್ಟುಕೊಂಡೆ. ಹಿಂದಿನಿಂದ ದೊಡ್ಡತಾಯಮ್ಮನ ದನಿ ಬಂತು. ಅವಳಿಗೆ ಒಳಗಿನ ಸಂಗತಿ ಏನೂ ತಿಳಿಯದು, ನಡೆದುಬಂದದ್ದು ತಪ್ಪಿತೆಂಬ ಕಸಿವಿಸಿ ಅಷ್ಟೆ. "ಕೊಟ್ಬಿಡಿ ಬುದ್ಧಿ. ಪತ್ರ ಇಡದೆ ಊಟ ಕಳಿಸೋದು ಸತ್ತೋರ ಮನೆಗೆ. ಬದುಕಿರೋ ಗಂಡಸಿಗೆ ಕೇಡು ಬಗೀಬೇಡಿ."

ಹೆಂಗಸರೆಲ್ಲ ಹೌದು ಹೌದೆಂದು ಗುಜುಗುಜು ಮಾಡಿದರು. ಪಾರುಪತ್ಯಗಾರ ಸುತ್ತ ನೋಡಿದ. ಪತ್ರವನ್ನು ತೆಗೆದು ನನ್ನ ಕಡೆ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದ. "ನಾನು ಓದಿದ್ದೇ ಪತ್ರ, ತಿಳೀತಾ? ಹಾಲು ಕುಡಿಯೋ ಕೂಸಿದೆ, ಅನ್ನ ತಗೊಂಡು ಹೋಗು. ನೀನು ಇಲ್ಲಿ ಬಾಯಿ ಬಿಟ್ರೆ ಆ ಮಾತು ಪಾಳೆಯದ ತನಕ ಹೋಗ್ತದೆ. ಇಂಥದ್ದು ಬರೆದೋರನ್ನ ಅಲ್ಲಿ ಎಲ್ಲಿ ನಿಲ್ಲಿಸ್ತಾರೆ ಅಂತ ನಿಂಗೊತ್ತಿಲ್ಲ."

ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಮನೆಯ ಹಿರಿಯನ ದನಿಯಿತ್ತು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಪತ್ರ ಬಿಡಿಸಿದೆ. ಮೊದಲ ಸಾಲಿನಲ್ಲೇ ಇತ್ತು, ಇದನ್ನು ಕಟ್ಟೆಯ ಮೇಲೆಯೇ ಓದಿಸು ಎಂದು. ಎಲೆಯ ಕಡೆ ನೋಡಿದೆ. ಅಣ್ಣನ ಭೋಜನ ಕೇಳಿಯಾಯಿತಲ್ಲ, ಮುದ್ದ ಅನ್ನಕ್ಕೆ ಕೈ ಚಾಚಿ ಕಲಸತೊಡಗಿದ್ದ. ನಾನು ಎದ್ದು ನಿಂತು ಓದಿದೆ.

"ಸಾಕಿಗೆ, ಅವ್ವನಿಗೆ, ಮುದ್ದನಿಗೆ. ಇದನ್ನು ಕಟ್ಟೆಯ ಮೇಲೆಯೇ ಓದಿಸು. ಮನೆಯಲ್ಲಿ ಓದಿದರೆ ನೀನು ಕಟ್ಟಿ ಹೇಳಿದೆಯೆಂದು ಮುದ್ದ ಅನ್ನುತ್ತಾನೆ. ಓದಿಸಿದರೆ ನನಗೇನಾಗುತ್ತದೆಂದು ಯೋಚಿಸಬೇಡ, ಅದನ್ನು ನಾನು ಯೋಚಿಸಿಯಾಗಿದೆ. ಇಲ್ಲಿ ಬೆಳಕು ಹರಿಯುವ ಮುಂಚೆ ಕೋಲಿನಿಂದ ಕಾಲಿಗೆ ತಟ್ಟಿ ಎಬ್ಬಿಸುತ್ತಾರೆ. ಮೊದಲ ಕೆಲಸ ಕುದುರೆಗಳದು. ನೀರು ಕುಡಿಸಿ, ಬಾಯಿಗೆ ಹುರುಳಿಯ ಚೀಲ ಕಟ್ಟುತ್ತೇವೆ. ಕುದುರೆಗಳಿಗೆ ತಪ್ಪದೆ ಹುರುಳಿ ಬರುತ್ತದೆ. ಅವು ತಿನ್ನುವಾಗ ಚೀಲದಿಂದ ಉದುರಿದ ಕಾಳನ್ನು ಆರಿಸಿಕೊಳ್ಳಲು ನಮ್ಮಲ್ಲಿ ಸರದಿ ಇದೆ. ಜಗಳವಾಗದಿರಲೆಂದು ನಾವೇ ಮಾಡಿಕೊಂಡದ್ದು. ಇವತ್ತು ನನ್ನ ಸರದಿ. ಒಂದು ಹಿಡಿ ಸಿಕ್ಕಿತು. ಹೊಗೆ ಕಾಣುತ್ತದೆಂದು ಒಲೆ ಹಚ್ಚಲು ಬಿಡುವುದಿಲ್ಲ. ರುಮಾಲಿನ ತುದಿಯಲ್ಲಿ ಕಟ್ಟಿ ನೆನೆಸಿಕೊಂಡು, ನಡೆಯುತ್ತ ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡೆ. ಬೇಗ ನುಂಗಬಾರದು, ಸಿಪ್ಪೆ ಬಿಟ್ಟು ಹಿಟ್ಟಾಗುವ ತನಕ ದವಡೆಯಲ್ಲಿಟ್ಟುಕೊಂಡರೆ ಒಂದು ಗುಡ್ಡ ದಾಟಬಹುದು. ಇವತ್ತಿನ ಊಟ ಇದು. ಮೊನ್ನೆ ಒಂದು ಹಳ್ಳಿಗೆ ನುಗ್ಗಿದೆವು. ಜನ ಓಡಿಹೋಗಿದ್ದರು. ಒಂದು ಮನೆಯ ಒಲೆಯ ಮೇಲೆ ಅಂಬಲಿ ಇನ್ನೂ ಬೆಚ್ಚಗಿತ್ತು, ಪಕ್ಕದಲ್ಲಿ ಕೂಸಿಗೆ ಕುಡಿಸುವ ಚಿಕ್ಕ ಒಳಲೆ ಇತ್ತು. ನಾನು ಕುಡಿದೆ. ಕುಡಿದ ಮೇಲೆ ಆ ಮನೆಗೆ ಬೆಂಕಿ ಇಡು ಎಂದರು, ಇಟ್ಟೆ. ಅಂಬಲಿ ಎಂದು ಬರೆದರೆ ನಿಮಗೆ ಅಂಬಲಿ ಕೊಡುತ್ತಾರೆ, ಗೊತ್ತು. ಆದರೆ ಅದು ಮೊನ್ನೆಯದು. ಅಲ್ಲದೆ ಅದು ನಮ್ಮ ಮನೆಗೆ ಬರುವುದು ಬೇಡ. ದೊಡ್ಡತಾಯಮ್ಮನಿಗೆ ಹೇಳು, ಚಿಕ್ಕೋನಿಗೆ ಬೈಯುವುದು ಬೇಡ. ಕೋಳಿ ಎಂದು ಬರೆಯುವಷ್ಟರಲ್ಲಿ ಕಹಳೆ ಊದಿದರು, ಮುದ್ದೆ ಬರೆಯಲು ಆಗಲಿಲ್ಲ. ಮುದ್ದ, ಎಲೆಯ ಮುಂದೆ ಕೂತಿದ್ದರೆ ಏಳು. ಅಷ್ಟು ಬಿಸಿ ಅನ್ನ ನಾನು ಆವತ್ತು ಅಲ್ಲಿ ಉಂಡದ್ದೇ ಕೊನೆ."

ನಾನು ಓದುತ್ತಿದ್ದಂತೆ ಮೊರದಲ್ಲಿದ್ದ ಮೊಸರು ಹಸಿರು ಕಟ್ಟಿತು, ತುಪ್ಪ ಕಮಟು ಹಿಡಿಯಿತು, ಸಣ್ಣಕ್ಕಿಯಲ್ಲಿ ನುಸಿ ಎದ್ದಿತು. ಪಾರುಪತ್ಯಗಾರ ಅಳೆಯುವವನ ಕಡೆ ನೋಡದೆಯೇ ಹೇಳಿದ. "ಓದಿಯಾಯ್ತಲ್ಲ. ಒಂದು ಹಿಡಿ ಹುರುಳಿ ಹಾಕು ಇವಳಿಗೆ."

ಮುದ್ದ ಎಲೆಯ ಮುಂದೆ ಹಾಗೆಯೇ ಕೂತಿದ್ದ. ಕಲಸಿದ ತುತ್ತು ಅವನ ಬೆರಳುಗಳಲ್ಲಿತ್ತು. ಉಣ್ಣೋ, ಎಂದ ಬಡಿಸುವವನು. ಆ ಅನ್ನ ದಂಡಿನದು, ಹಳಸಿರಲಿಲ್ಲ, ಚೆನ್ನಾಗಿಯೇ ಇತ್ತು. ಉಂಡಿದ್ದರೆ ಉಣ್ಣಬಹುದಿತ್ತು. ಅವನು ತುತ್ತನ್ನು ಎಲೆಯ ಮೇಲೆ ಇಟ್ಟ, ಕೈಯನ್ನು ಒಗೆದ ಪಂಚೆಗೆ ಒರೆಸಿಕೊಂಡ, ಎದ್ದು ಬಂದು ನನ್ನ ಕೈಯಿಂದ ಮೊರ ತೆಗೆದುಕೊಂಡ. ಅವನ ಹಿಂದೆ ಸರದಿಯಲ್ಲಿ ನಿಂತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚದುರಿದರು. ಆ ದಿನ ಎಲೆಯ ಮುಂದೆ ಯಾರೂ ಕೂರಲಿಲ್ಲ.

ಹೆಂಗಸರು ನನ್ನನ್ನು ಬೈದರು. ಬೈಯದೆ ಏನು ಮಾಡಿಯಾರು? "ನಿನ್ನ ಮೈದುನನ್ನ ಉಳಿಸ್ಕೊಳ್ಳೋಕೆ ನಮ್ಮೆಲ್ಲರ ಒಲೆಗೆ ನೀರು ಹುಯ್ದಲ್ಲೇ" ಎಂದು ದೊಡ್ಡತಾಯಮ್ಮ ನಡುಬೀದಿಯಲ್ಲಿ ಮಣ್ಣು ತೂರಿದಳು. ಆದರೆ ಅವರ ಒಲೆಗಳು ಆರಲಿಲ್ಲ. ಪಾರುಪತ್ಯಗಾರ ಜಾಣ. ಮುಂದಿನ ಸಲ ಎಲ್ಲರ ಪತ್ರಗಳಲ್ಲೂ ಮೊದಲಿಗಿಂತ ಹೆಚ್ಚಿನ ಊಟ ಓದಿದ. ಮನೆ ಮನೆಗೂ ತುಪ್ಪ ಹೋಯಿತು. ಹೆಂಗಸರು ತಂದು ಬೇಯಿಸಿದರು, ಉಣ್ಣಲು ಕೂತರು. ಒಂದು ದಿನ ದೊಡ್ಡತಾಯಮ್ಮ ಕೈಯಲ್ಲಿ ಕಜ್ಜಾಯ ಹಿಡಿದು ನಮ್ಮ ಜಗಲಿಗೆ ಬಂದು ಕೂತಳು. ನನಗೆ ಕೊಡಲು ತಂದದ್ದಲ್ಲ, ಕೊಟ್ಟರೂ ಹಳಸುತ್ತಿತ್ತು.

"ನನ್ನ ಮಗ ಇದನ್ನ ತಿಂದಿಲ್ಲ ಅಂತ ಕಿವಿಯಾರೆ ಕೇಳಿದ್ಮೇಲೆ ಗಂಟಲಲ್ಲಿ ಇಳೀತಿಲ್ಲ ಕಣೇ ಸಾಕಿ," ಎಂದಳು. "ಆದ್ರೂ ತಿಂತೀನಿ. ನಂಗೆ ಹಸಿವು." ಅಲ್ಲೇ ಕೂತು, ನನ್ನ ಮುಖ ನೋಡದೆ, ಪೂರ್ತಿ ತಿಂದಳು. ಆಮೇಲೆ ನನ್ನ ಮಗುವನ್ನು ಎತ್ತಿಕೊಂಡು ತನ್ನ ಮನೆಗೆ ಹೋಗಿ ಅಂಬಲಿ ಕುಡಿಸಿ ತಂದು ಕೊಟ್ಟಳು. ಅವತ್ತಿನಿಂದ ದಿನವೂ ಕುಡಿಸುತ್ತಾಳೆ. ನನ್ನ ಹಾಲು ಹುರುಳಿ ಬಂದ ವಾರದಲ್ಲೇ ಬತ್ತಿತು.

ನನ್ನ ಗಂಡನಿಂದ ಆಮೇಲೆ ಪತ್ರ ಬರಲಿಲ್ಲ. ಹುಸೇನಣ್ಣನ ಗಾಡಿ ಬಂದಾಗಲೆಲ್ಲ ಹೋಗಿ ನಿಂತೆ. ಮೊದಲ ಸಲ ಅವನು ಎತ್ತುಗಳ ನೊಗ ಬಿಚ್ಚುತ್ತ, ನನ್ನ ಕಡೆ ತಿರುಗದೆ ಹೇಳಿದ. "ಎಲ್ಲರಿಗಿಂತ ಮುಂದಿನ ಸಾಲಿಗೆ ಹಾಕಿದ್ರು ಅಂತ ಕೇಳಿದೆ ತಂಗಿ. ಆ ಸಾಲು ಎಲ್ಲಿದೆ ಅಂದ್ರೆ ಯಾರೂ ತೋರಿಸ್ಲಿಲ್ಲ." ಆಮೇಲಿನ ಸಲಗಳಲ್ಲಿ ತಲೆ ಅಲ್ಲಾಡಿಸುತ್ತಾನೆ, ಅಷ್ಟೆ.

ಮುದ್ದ ಹೂಳು ಹೊರುತ್ತಾನೆ. ಒಂದು ಹಿಡಿ ನೆನೆದ ಕಾಳನ್ನು ಮೂವರೂ ಹಂಚಿಕೊಳ್ಳುತ್ತೇವೆ. ಅವನ ಮೈ ಕೋಲಿನಂತಾಗಿದೆ. ನನ್ನೊಂದಿಗೆ ಹೆಚ್ಚು ಮಾತಿಲ್ಲ. ಒಮ್ಮೆ ಮಾತ್ರ ಕೇಳಿದ. "ಅವತ್ತು ಬರೀ ಊಟದ ಸಾಲು ಓದಿ ನಿಲ್ಲಿಸಿದ್ರೆ ಆಗ್ತಿರ್ಲಿಲ್ವ ಅತ್ಗಮ್ಮ? ಹಳ್ಳಿ, ಬೆಂಕಿ, ಅದೆಲ್ಲ ಓದ್ಬೇಕಿತ್ತ? ಅದಕ್ಕೇ ಅವನನ್ನ ಮುಂದಿನ ಸಾಲಿಗೆ ಹಾಕಿದ್ದು." ಇರಬಹುದು. ಬರೆದವನು ಬರೆದಿದ್ದ, ನಾನು ಓದಿದೆ. ಅತ್ತೆಯ ಮಾತು ಅದಕ್ಕಿಂತ ಮೊದಲೇ ಬಂದಿತ್ತು. ಕಟ್ಟೆಯಿಂದ ಬಂದ ದಿನವೇ, ನನ್ನ ತಲೆಯ ಮೇಲೆ ಕೈಯಿಟ್ಟು, ಹರಸುವವಳಂತೆ ಹೇಳಿದಳು. "ಒಬ್ಬ ಮಗನ್ನ ಕೊಟ್ಟು ಒಬ್ಬ ಮಗನ್ನ ತಂದ್ಕೊಟ್ಟೆ ಕಣವ್ವ." ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಪಶ್ಚಾತ್ತಾಪವೇ ಎಂದು ಯಾರಾದರೂ ಕೇಳಿದರೆ ಹೌದೆನ್ನುತ್ತೇನೆ. ಆದರೆ ಓದಿದ್ದಕ್ಕಲ್ಲ. ಒಬ್ಬಳೇ ಓದಿದ್ದಕ್ಕೆ. ಹೋಳಿಗೆಯ ದಿನವೇ, ನಾವು ಹೆಂಗಸರೆಲ್ಲ ಒಟ್ಟಿಗೆ ಆ ಕಟ್ಟೆ ಹತ್ತಿ ನಮ್ಮ ನಮ್ಮ ಪತ್ರಗಳ ನಡುಪಟ್ಟಿಯ ಸಾಲುಗಳನ್ನು ಗಟ್ಟಿಯಾಗಿ ಓದಿದ್ದರೆ, ಊರಿನ ಅಷ್ಟೂ ಗಂಡಸರನ್ನು ಒಂದೇ ಮುಂದಿನ ಸಾಲಿನಲ್ಲಿ ನಿಲ್ಲಿಸಲು ಅವರಿಂದ ಆಗುತ್ತಿತ್ತೆ? ಆಗುತ್ತಿರಲಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಗುತ್ತಿತ್ತೋ ಏನೋ.

ಕೆಳಗಿನ ಬೀದಿಯ ಒಂದು ಮನೆಯಲ್ಲಿ ಮೊನ್ನೆ ಇದ್ದಕ್ಕಿದ್ದಂತೆ ಅನ್ನ ಬೆಂದಿತು. ಅವರ ಪತ್ರದಲ್ಲಿ ಓದಿದ್ದು ರೊಟ್ಟಿ, ತುಪ್ಪ. ಸೊಸೆ ಮರೆತು ಅಕ್ಕಿಯ ಪಾತ್ರೆ ಒಲೆಯ ಮೇಲಿಟ್ಟಿದ್ದಳಂತೆ, ತಳಮಳ ಕುದಿಯಿತಂತೆ. ಮುಚ್ಚಳ ತೆಗೆದು ನೋಡಿದವಳು ಅಲ್ಲೇ ಕುಸಿದು ಕೂತಳು. ದಂಡಿನಲ್ಲಿ ಉಣ್ಣುವವನೇ ಇಲ್ಲದ ಮೇಲೆ ಮನೆಯ ಒಲೆಗೆ ಯಾವ ಕಟ್ಟು? ಏನಿಟ್ಟರೂ ಬೇಯುತ್ತದೆ. ಆಳು ಬಂದು ಸುದ್ದಿ ಹೇಳಿದ್ದು ಆಮೇಲೆ.

ಅದನ್ನು ಕೇಳಿದ ಮೇಲೆ ಅತ್ತೆ ದಿನವೂ ಬೆಳಿಗ್ಗೆ ಒಲೆ ಹಚ್ಚುತ್ತಾಳೆ. ಮುದ್ದ ಸೌದೆ ತಂದುಹಾಕುತ್ತಾನೆ. ನಾನು ಪಾತ್ರೆಯಲ್ಲಿ ನೀರಿಟ್ಟು ಒಂದು ಹಿಡಿ ರಾಗಿ ಹಾಕುತ್ತೇನೆ. ಬೆಂಕಿ ಚೆನ್ನಾಗಿ ಹತ್ತಿಕೊಳ್ಳುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ, ಮೂವರೂ ಸುತ್ತ ಕೂತು ನೋಡುತ್ತೇವೆ. ನಮಗೆ ಬಹಳ ಹಸಿವಾಗಿರುತ್ತದೆ. ಇವತ್ತು ಬೆಳಿಗ್ಗೆಯೂ ಕೂತಿದ್ದೆವು. ಸೌದೆ ಕೆಂಡವಾದ ಮೇಲೆ ಅತ್ತೆ ಮೊಣಕೈ ತನಕ ಬಳೆ ಸರಿಸಿ, ಪಾತ್ರೆಯೊಳಗೆ ಕೈ ಅದ್ದಿ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಳು.

"ತಣ್ಣಗಿದೆ," ಎಂದಳು. ಮುದ್ದ ಎದ್ದು ಬುಟ್ಟಿ ತೆಗೆದುಕೊಂಡು ಕೆಲಸಕ್ಕೆ ಹೋದ.